ಪಕ್ಕೆಯಿಂದ ಹೃದಯದ ಆಪರೇಷನ್: ಒಪ್ಪುವ ಮುಂಚೆ, ಮನೆಗೆ ಬಂದ ಮೇಲೆ

ನನ್ನ ಬಲಗಡೆ ಎದೆಯ ಕೆಳಗೆ ಒಂದು ಗೆರೆ ಇದೆ. ಟೇಪ್ ಹಿಡಿದು ಅಳೆದಿದ್ದೇನೆ, ಎರಡೂವರೆ ಇಂಚು. ಬಲ ತೊಡೆಸಂದಿಯಲ್ಲಿ ಇನ್ನೊಂದು, ಒಂದೂಕಾಲು ಇಂಚು. ಪಕ್ಕೆಯ ಮೇಲೆ ಮೂರು ಗುರುತು, ಒಂದೊಂದೂ ಕಾಜಾದಷ್ಟು. ಇಷ್ಟರಲ್ಲೇ ನನ್ನ ಹೃದಯದ ಒಂದು ವಾಲ್ವ್ ತೆಗೆದು ಹೊಸದು ಕೂರಿಸಿದರು.

ನಾನು ಅರಸೀಕೆರೆಯಲ್ಲಿ ಲೇಡೀಸ್ ಟೇಲರ್. ಇಪ್ಪತ್ತೆರಡು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಬೇರೆಯವರ ಹೊಲಿಗೆ ನೋಡಿದರೆ ಕೈ ಎಂಥದ್ದು ಅಂತ ಹೇಳಬಲ್ಲೆ. ನನಗೆ ಹಾಕಿದ ಹೊಲಿಗೆ ಚೆನ್ನಾಗಿದೆ. ದಾರ ಒಳಗಿಂದಲೇ ಎಳೆದಿದ್ದಾರೆ, ಹೊರಗೆ ಒಂದು ಟಾಕೂ ಕಾಣುವುದಿಲ್ಲ.

ಅಂಗಡಿಗೆ ಬಂದವರು ಕೇಳುತ್ತಾರೆ. ‘ಅಕ್ಕ, ನಮ್ಮತ್ತೆಗೂ ಆಪರೇಷನ್ ಅಂದಿದ್ದಾರೆ, ನಿಮ್ಮ ಹಾಗೆ ಸಣ್ಣದರಲ್ಲೇ ಮುಗಿಯುತ್ತಾ?’ ಅಂತ. ಬ್ಲೌಸ್ ಅಳತೆ ತೆಗೆಯುತ್ತಾ ಇದನ್ನೆಲ್ಲ ಹೇಳೋಕೆ ಆಗಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಮಾಡಿಸಿಕೊಂಡವಳು, ಅಷ್ಟೇ.

ಗಾಯ ಚಿಕ್ಕದು, ಕೆಲಸ ದೊಡ್ಡದೇ

ಮಾಮೂಲಿ ಓಪನ್ ಹಾರ್ಟ್ ಆಪರೇಷನ್‌ನಲ್ಲಿ ಎದೆಯ ಮಧ್ಯದ ಮೂಳೆಯನ್ನು ಮೇಲಿಂದ ಕೆಳಗೆ ಗರಗಸದಲ್ಲಿ ಸೀಳುತ್ತಾರೆ. ಮುಗಿದ ಮೇಲೆ ಸ್ಟೀಲ್ ತಂತಿ ಹಾಕಿ ಬಿಗಿಯುತ್ತಾರೆ. ಆ ಮೂಳೆ ಕೂಡಲು ಆರರಿಂದ ಎಂಟು ವಾರ ಬೇಕು, ಪೂರ್ತಿ ಗಟ್ಟಿಯಾಗಲು ಮೂರು ತಿಂಗಳು. ಪಕ್ಕೆಯಿಂದ ಮಾಡುವಾಗ ಈ ಮೂಳೆಯನ್ನು ಮುಟ್ಟುವುದೇ ಇಲ್ಲ. ಎರಡು ಪಕ್ಕೆಲುಬಿನ ನಡುವೆ ದಾರಿ ಮಾಡಿಕೊಂಡು, ಉದ್ದ ಹಿಡಿಕೆಯ ಕತ್ತರಿ, ಇಕ್ಕಳ, ಒಂದು ಕ್ಯಾಮೆರಾ ಒಳಗೆ ಬಿಡುತ್ತಾರೆ. ಕೋಟಿನ ಲೈನಿಂಗ್ ಕಿತ್ತರೆ ಕೆಲವು ಟೇಲರ್‌ಗಳು ಕೋಟು ಬಿಚ್ಚುವುದಿಲ್ಲ. ತೋಳಿನೊಳಗೆ ಕೈ ತೂರಿಸಿ ಅಲ್ಲೇ ಹೊಲಿಯುತ್ತಾರೆ. ಅದೇ ಥರ.

ಆದರೆ ಒಳಗೆ ನಡೆಯುವುದು ಅದೇ ಕೆಲಸ. ನನ್ನ ಹೃದಯವನ್ನು ನಿಲ್ಲಿಸಿದ್ದರು. ತೊಡೆಸಂದಿಯ ರಕ್ತನಾಳಗಳಿಗೆ ಪೈಪ್ ಹಾಕಿ, ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು ಹೊರಗಿಂದ ಮಾಡುವ ಹಾರ್ಟ್ ಲಂಗ್ ಮೆಷಿನ್‌ಗೆ ಜೋಡಿಸಿದ್ದರು. ಜಾಗ ಸಿಗಲಿ ಅಂತ ಬಲಗಡೆ ಶ್ವಾಸಕೋಶದ ಗಾಳಿ ಇಳಿಸಿದ್ದರು. ಕಿಂಡಿಯಲ್ಲಿ ಕೆಲಸ ಮಾಡುವುದರಿಂದ ಮೆಷಿನ್ ಮೇಲೆ ಇರುವ ಹೊತ್ತು ಸಾಮಾನ್ಯವಾಗಿ ಜಾಸ್ತಿಯೇ ಆಗುತ್ತದೆ. ಪಾರ್ಶ್ವವಾಯು, ರಕ್ತಸ್ರಾವ, ಸೋಂಕು, ಈ ಅಪಾಯಗಳು ಸೊನ್ನೆ ಆಗುವುದಿಲ್ಲ. ‘ಕೀಹೋಲ್ ಅಂತೆ, ಏನೂ ಇಲ್ವಂತೆ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಎಲ್ಲರಿಗೂ ಒಂದೇ ಕಡೆ ಗಾಯ ಅಲ್ಲ. ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ ಮೈಟ್ರಲ್ ವಾಲ್ವ್, ಹುಟ್ಟಿನಿಂದ ಬಂದ ರಂಧ್ರ ಇವನ್ನು ಬಲಗಡೆಯಿಂದ ಮಾಡುತ್ತಾರೆ. ಹೃದಯದ ಮುಂದಿನ ರಕ್ತನಾಳ ಒಂದೇ ಕಟ್ಟಿಕೊಂಡಿದ್ದರೆ ಎಡ ಪಕ್ಕೆಯಿಂದ ಬೈಪಾಸ್ ಆಗುತ್ತದೆ. ಅದನ್ನು ಹೃದಯ ಬಡಿಯುತ್ತಿರುವಾಗಲೇ, ಮೆಷಿನ್ ಇಲ್ಲದೆ ಮಾಡುವುದೂ ಉಂಟು.

ಚಾಕುವೇ ಬೇಡದ ದಾರಿ ಇದೆಯಾ ಅಂತ ಮೊದಲು ಕೇಳಿ

ಪಕ್ಕೆಯಿಂದ ಮಾಡ್ತೀರಾ, ಮಧ್ಯದಿಂದ ಮಾಡ್ತೀರಾ ಅನ್ನುವುದು ಎರಡನೇ ಪ್ರಶ್ನೆ. ಆಪರೇಷನ್ ಇಲ್ಲದೆ ಆಗುತ್ತಾ ಅನ್ನುವುದು ಮೊದಲನೆಯದು.

ನನಗೆ ಚಿಕ್ಕಂದಿನಲ್ಲಿ ಗಂಟಲು ನೋವು, ಕೀಲು ಊತ ಬಂದು ಹೋಗಿತ್ತಂತೆ. ರುಮಾಟಿಕ್ ಜ್ವರ, ಗಂಟಲು ಸೋಂಕಿನ ಹಿಂದೆಯೇ ಬಂದು ಹೃದಯದ ವಾಲ್ವ್ ಹಾಳು ಮಾಡುವಂಥದ್ದು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮಗಳು ಹೊಟ್ಟೆಯಲ್ಲಿದ್ದಾಗ ಏಳನೇ ತಿಂಗಳಲ್ಲಿ ಮಲಗಿದರೆ ಉಸಿರು ಕಟ್ಟುತ್ತಿತ್ತು. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದಾಗ ಮೈಟ್ರಲ್ ವಾಲ್ವ್ ಸಣ್ಣಗಾಗಿದೆ ಅಂತ ಗೊತ್ತಾಯಿತು. ಹೆರಿಗೆ ಆದ ಮೇಲೆ ಬಲೂನ್ ಮಾಡಿದರು. ತೊಡೆಯ ನಾಳದಿಂದ ಬಲೂನ್ ಕಳಿಸಿ, ವಾಲ್ವಿನ ಹತ್ತಿರ ಊದಿಸಿ ಅಗಲ ಮಾಡುತ್ತಾರೆ. ಜಪಾನಿನ ಡಾಕ್ಟರ್ ಇನೋಯೆ 1980ರ ದಶಕದಲ್ಲಿ ಕಂಡುಹಿಡಿದದ್ದು. ನಮ್ಮಲ್ಲಿ ರುಮಾಟಿಕ್ ರೋಗ ಜಾಸ್ತಿ ಇರುವುದರಿಂದ ಇಲ್ಲಿ ಕೈ ಪಳಗಿದ ಡಾಕ್ಟರ್‌ಗಳು ಬೇಕಾದಷ್ಟಿದ್ದಾರೆ. ಎರಡನೇ ದಿನ ಮನೆಗೆ ಬಂದೆ. ಹದಿನಾರು ವರ್ಷ ಅದರಲ್ಲೇ ನಡೆಯಿತು.

ಆಮೇಲೆ ಒಂದು ವರ್ಷ ಮಾಲೇಕಲ್ಲು ತಿರುಪತಿ ಬೆಟ್ಟದ ಮೆಟ್ಟಿಲು ಹತ್ತುವಾಗ ಅರ್ಧಕ್ಕೇ ಕೂತೆ. ಹಿಂದಿನ ವರ್ಷ ಆರಾಮಾಗಿ ಹತ್ತಿದ್ದೆ. ಈ ಸಲ ವಾಲ್ವ್ ದಪ್ಪವಾಗಿ, ಸುಣ್ಣ ಕಟ್ಟಿ, ಸೋರಲೂ ಶುರುವಾಗಿತ್ತು. ಜಾಸ್ತಿ ಸೋರುವ ವಾಲ್ವಿಗೆ ಬಲೂನ್ ಆಗುವುದಿಲ್ಲ. ಬದಲಾಯಿಸಲೇಬೇಕು ಅಂದರು.

ಹೀಗೇ ಮೇಲಿನ ಕೋಣೆಗಳ ಮಧ್ಯದ ಕೆಲವು ರಂಧ್ರಗಳನ್ನು ತೊಡೆಯಿಂದಲೇ ಡಿವೈಸ್ ಕಳಿಸಿ ಮುಚ್ಚುತ್ತಾರೆ. ಹೃದಯದಿಂದ ಮೈಗೆ ರಕ್ತ ಹೊರಡುವ ಬಾಗಿಲಲ್ಲಿರುವ ಅಯೋರ್ಟಿಕ್ ವಾಲ್ವನ್ನೂ ವಯಸ್ಸಾದವರಿಗೆ ತೊಡೆಯಿಂದ ಕೂರಿಸುತ್ತಾರೆ. ನಿಮ್ಮ ಕೇಸಿಗೆ ಇವು ಆಗುತ್ತವೋ ಇಲ್ಲವೋ, ಆಗದಿದ್ದರೆ ಯಾಕೆ ಅಂತ ಕೇಳಿ. ಎಕೋ ರಿಪೋರ್ಟ್ ಇಟ್ಟುಕೊಂಡು ತೋರಿಸಿ ಹೇಳಿದರೆ ಅರ್ಥವಾಗದ್ದೇನೂ ಅಲ್ಲ.

ನಿಮ್ಮ ಮೈಗೆ ಹೊಂದುತ್ತಾ?

ಮೊದಲು ಹೋದ ಆಸ್ಪತ್ರೆಯ ಹೆಸರು ಬೇಡ. ಅಲ್ಲಿ ಡಾಕ್ಟರ್ ನೋಡುವ ಮುಂಚೆಯೇ ಒಬ್ಬ ಹುಡುಗಿ ಫೈಲ್ ಹಿಡಿದು ಬಂದು, ‘ಮೇಡಂ, ಸಣ್ಣ ಹೋಲ್, ಮೂರೇ ದಿನ, ಗುರುತೂ ಕಾಣಲ್ಲ’ ಅಂದಳು. ಇವತ್ತೇ ಅಡ್ವಾನ್ಸ್ ಕಟ್ಟಿದರೆ ಡಿಸ್ಕೌಂಟ್ ಅಂತಲೂ ಅಂದಳು. ಸೀರೆ ಅಂಗಡಿಯ ಆಷಾಢ ಸೇಲ್ ನೆನಪಾಯಿತು. ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕುವವರನ್ನು ನಾನು ನಂಬುವುದಿಲ್ಲ. ಎದ್ದು ಬಂದೆ.

ಎರಡನೇ ಕಡೆ ಸರ್ಜನ್ ಮೊದಲು ಸಿಟಿ ಸ್ಕ್ಯಾನ್ ಮಾಡಿಸಿ ಅಂದರು. ಎದೆಯಿಂದ ತೊಡೆಯವರೆಗೆ ರಕ್ತನಾಳ ಹೇಗಿದೆ ಅಂತ ನೋಡಲು. ತೊಡೆಯಿಂದಲೇ ಮೆಷಿನ್‌ಗೆ ಜೋಡಿಸಬೇಕಲ್ವಾ? ಅಲ್ಲಿ ನಾಳ ಸಣ್ಣಗಿದ್ದರೆ, ಒಳಗೆ ಸುಣ್ಣ ಕಟ್ಟಿದ್ದರೆ ಪೈಪ್ ಹಾಕುವುದು ಅಪಾಯ. ಬಲಗಡೆ ಶ್ವಾಸಕೋಶಕ್ಕೆ ಹಿಂದೆ ಆಪರೇಷನ್ ಆಗಿದ್ದರೆ, ಟಿಬಿ ಬಂದು ಪಕ್ಕೆಗೆ ಅಂಟಿಕೊಂಡಿದ್ದರೆ, ಉಸಿರಾಟದ ಕಾಯಿಲೆ ಜೋರಾಗಿದ್ದರೆ ಮಧ್ಯದಿಂದ ಮಾಡುವುದೇ ಒಳ್ಳೆಯದು. ಮೂರು ನಾಲ್ಕು ಕಡೆ ಬೈಪಾಸ್ ಬೇಕಿದ್ದರೆ, ಎರಡು ಮೂರು ಕೆಲಸ ಒಟ್ಟಿಗೆ ಇದ್ದರೆ, ತುರ್ತು ಇದ್ದರೆ ಬಹಳ ಕಡೆ ಪಕ್ಕೆಯ ದಾರಿ ಹಿಡಿಯುವುದಿಲ್ಲ. ನಿಮಗೆ ಬೇಡ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಬೇಡ ಅನ್ನುವ ಸರ್ಜನ್ ಮೇಲೆ ನನಗೆ ಗೌರವ ಜಾಸ್ತಿ.

ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಾನು ಅಳತೆ ಬುಕ್ಕಿನ ಕೊನೇ ಹಾಳೆಯಲ್ಲಿ ಬರೆದಿದ್ದೆ. ನೀವೇ ಎಷ್ಟು ಮಾಡಿದ್ದೀರಿ? ತಿಂಗಳಿಗೆ ಎಷ್ಟು ಮಾಡುತ್ತೀರಿ? ಅರ್ಧದಲ್ಲಿ ಮಧ್ಯಕ್ಕೆ ಬದಲಾಯಿಸಬೇಕಾದ್ದು ಎಷ್ಟು ಸಲ? ಕೊನೆಯದನ್ನು ಕೇಳಲು ನಾಚಿಕೆಯಾಯಿತು. ನಮ್ಮ ಯಜಮಾನರು ಕಾಲು ತುಳಿದರು. ಆದರೂ ಕೇಳಿದೆ. ಸರ್ಜನ್ ನಕ್ಕು, ‘ಒಳಗೆ ಹೋದ ಮೇಲೆ ಕಷ್ಟ ಅನ್ನಿಸಿದರೆ ಮಧ್ಯ ಸೀಳುತ್ತೇನಮ್ಮ, ನನಗೆ ನಿಮ್ಮ ಗುರುತಿಗಿಂತ ನೀವು ಮುಖ್ಯ, ಒಪ್ಪಿಗೇನಾ?’ ಅಂದರು. ಎರಡಕ್ಕೂ ಸಹಿ ಹಾಕಿದೆ. ನೀವೂ ಎರಡಕ್ಕೂ ಮನಸ್ಸು ಸಿದ್ಧ ಮಾಡಿಕೊಂಡೇ ಒಳಗೆ ಹೋಗಿ.

ಯಾವ ವಾಲ್ವ್ ಅನ್ನುವುದೂ ಅವತ್ತೇ ತೀರ್ಮಾನವಾಗಬೇಕು. ರಿಪೇರಿ ಆಗುವಂತಿದ್ದರೆ ಅದೇ ಮೇಲು. ಬದಲಾಯಿಸುವುದಾದರೆ, ಪ್ರಾಣಿಯ ಅಂಗಾಂಶದ ವಾಲ್ವ್ ಸುಮಾರು ಹತ್ತು ಹದಿನೈದು ವರ್ಷ ಬರುತ್ತದೆ, ಚಿಕ್ಕ ವಯಸ್ಸಿನವರಲ್ಲಿ ಬೇಗ ಸವೆಯುತ್ತದೆ. ಲೋಹದ್ದು ಬಾಳಿಕೆ ಬರುತ್ತದೆ, ಆದರೆ ಜೀವನಪೂರ್ತಿ ರಕ್ತ ತೆಳು ಮಾಡುವ ಮಾತ್ರೆ ತಿನ್ನಬೇಕು. ನನಗೆ 43, ಲೋಹದ್ದು ಹಾಕಿಸಿಕೊಂಡೆ. ಇನ್ನೂ ಮಕ್ಕಳು ಬೇಕು ಅನ್ನುವ ಹೆಣ್ಣುಮಕ್ಕಳು ಇದನ್ನು ಬಾಯಿಬಿಟ್ಟು ಹೇಳಲೇಬೇಕು. ಆ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡಬಹುದು.

ದುಡ್ಡಿನ ವಿಷಯ ಚಿಕ್ಕದಾಗಿ. 2018ರಿಂದ ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜಿನ ಶೇಕಡ 30 ಭಾಗ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಆದರೆ ಪಕ್ಕೆಯಿಂದ ಮಾಡುವಾಗ ಬೇರೆ ಥರದ ಪೈಪು, ಉಪಕರಣ ಬಳಸುತ್ತಾರೆ. ಅದು ಪ್ಯಾಕೇಜಿನೊಳಗೆ ಬರುತ್ತದೋ ಮೇಲೆ ಕಟ್ಟಬೇಕೋ ಅಂತ ಮೊದಲೇ ಬರೆಸಿಕೊಳ್ಳಿ. ಮಧ್ಯದಿಂದ ಮಾಡಿಸಿದರೆ ಪೂರ್ತಿ ಉಚಿತ, ಪಕ್ಕೆಯಿಂದಾದರೆ ಸಾಲ ಅನ್ನುವ ಪರಿಸ್ಥಿತಿ ಬಂದರೆ ಮಧ್ಯದಿಂದಲೇ ಮಾಡಿಸಿ. ಯಾಕೆ ಅಂತ ಹೇಳುತ್ತೇನೆ.

ಲಾಭ ಎಲ್ಲಿದೆ, ಎಲ್ಲಿಲ್ಲ

ವಾರ್ಡಿನಲ್ಲಿ ನನ್ನ ಪಕ್ಕದ ಮಂಚದಲ್ಲಿ ಅದೇ ವಾರ ಎದೆ ಮಧ್ಯದಿಂದ ಬೈಪಾಸ್ ಆದ ಒಬ್ಬ ಟೀಚರ್ ಇದ್ದರು. ಮೊದಲ ಎರಡು ರಾತ್ರಿ ಅವರಿಗಿಂತ ನನಗೇ ನೋವು ಜಾಸ್ತಿ. ಪಕ್ಕೆಲುಬಿನ ಸಂದಿಯಲ್ಲಿ ನರ ಓಡುತ್ತದೆ, ಆ ಸಂದಿಯನ್ನು ಅಗಲಿಸಿರುತ್ತಾರೆ. ಉಸಿರೆಳೆದರೆ ಸೂಜಿ ಮುರಿದು ಒಳಗೇ ಉಳಿದ ಹಾಗೆ. ಬೆನ್ನಿನ ಹತ್ತಿರ ಸಣ್ಣ ಪೈಪಿನಲ್ಲಿ ಮರಗಟ್ಟುವ ಔಷಧಿ ಬಿಟ್ಟಿದ್ದರು, ಅದರಿಂದ ಬಚಾವಾದೆ. ಇದು ಕೊಡುತ್ತೀರಾ ಅಂತ ಅರಿವಳಿಕೆ ಡಾಕ್ಟರನ್ನು ಮುಂಚೆಯೇ ಕೇಳಿ.

ನಾಲ್ಕನೇ ದಿನ ಆಟ ಬದಲಾಯಿತು. ನಾನು ಕೈ ಊರಿ ಎದ್ದು ಕೂತೆ. ತಲೆ ನಾನೇ ಬಾಚಿಕೊಂಡೆ. ಟೀಚರಿಗೆ ಕೈ ಊರಬಾರದು, ಪಕ್ಕಕ್ಕೆ ಹೊರಳಬಾರದು. ದಿಂಬು ತಬ್ಬಿಕೊಂಡು, ಇನ್ನೊಬ್ಬರು ಬೆನ್ನಿಗೆ ಕೈ ಕೊಟ್ಟರೆ ಮಾತ್ರ ಏಳಬೇಕು. ಬಿಂದಿಗೆ ಎತ್ತುವುದು, ಬಸ್ಸಿನ ಕಂಬಿ ಹಿಡಿದು ಜಗ್ಗುವುದು ಎರಡು ತಿಂಗಳು ಬೇಡ ಅಂದಿದ್ದರು. ನಾನು ಮೂರನೇ ವಾರಕ್ಕೆ ಕೈಹೊಲಿಗೆ ಶುರು ಮಾಡಿದೆ. ಐದನೇ ವಾರ ಮೆಷಿನ್ ಮುಂದೆ ಕೂತೆ. ಮಾಘದ ಮದುವೆ ಆರ್ಡರ್ ಒಂದೂ ವಾಪಸ್ ಕಳಿಸಲಿಲ್ಲ. ದಿನಗೂಲಿಯವರಿಗೆ, ಅಂಗಡಿ ನಡೆಸುವವರಿಗೆ ಈ ಒಂದು ತಿಂಗಳು ಅಂದರೆ ದುಡ್ಡು.

ಮೂರು ತಿಂಗಳಾದ ಮೇಲೆ ಟೀಚರ್ ಫೋನ್ ಮಾಡಿದ್ದರು. ಶಾಲೆಗೆ ಹೋಗುತ್ತಿದ್ದರು. ನನಗಿಂತ ಏನೂ ಕಡಿಮೆ ಇರಲಿಲ್ಲ. ಇದು ನಮ್ಮಿಬ್ಬರ ಕಥೆ ಮಾತ್ರ ಅಲ್ಲ. ನನ್ನ ಮಗಳು ಹಾಸನದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಅವಳು ಹುಡುಕಿ ತೋರಿಸಿದಳು. ಬ್ರಿಟನ್ನಿನಲ್ಲಿ ಮೈಟ್ರಲ್ ವಾಲ್ವ್ ರಿಪೇರಿ ಮಾಡಿಸಿಕೊಂಡ 330 ಜನರನ್ನು ಎರಡು ಗುಂಪು ಮಾಡಿ ನೋಡಿದ್ದರು, 2023ರಲ್ಲಿ ಪ್ರಕಟವಾಯಿತು. ಪಕ್ಕೆಯಿಂದ ಮಾಡಿಸಿಕೊಂಡವರು ಒಂದು ದಿನ ಮುಂಚೆ ಮನೆಗೆ ಹೋದರು. ಆರು ವಾರದ ಹೊತ್ತಿಗೆ ಅವರ ಓಡಾಟ ಚೆನ್ನಾಗಿತ್ತು. ಹನ್ನೆರಡನೇ ವಾರಕ್ಕೆ ಎರಡೂ ಗುಂಪು ಸಮ. ವಾಲ್ವಿನ ಕೆಲಸ ಎರಡರಲ್ಲೂ ಒಂದೇ ಥರ ಚೆನ್ನಾಗಿತ್ತು. ನನ್ನದು ರಿಪೇರಿ ಅಲ್ಲ, ಬದಲಾವಣೆ. ಆದರೂ ಲೆಕ್ಕ ಕೂಡಿತು.

ಅಂದರೆ ನೀವು ದುಡ್ಡು ಕೊಟ್ಟು, ಹುಡುಕಿಕೊಂಡು ಹೋಗಿ ಪಡೆಯುವುದು ಮೊದಲ ಎರಡು ತಿಂಗಳ ಆರಾಮ. ಮೂಳೆಗೆ ಸೋಂಕು ತಗಲುವ ಭಯ ಇಲ್ಲ, ಶುಗರ್ ಇರುವವರಿಗೆ ಇದು ದೊಡ್ಡ ಮಾತು. ರಕ್ತ ಹೋಗುವುದೂ ಸಾಮಾನ್ಯವಾಗಿ ಕಡಿಮೆ. ಬ್ಲೌಸಿನ ಕೊರಳಲ್ಲಿ ಗುರುತು ಇಣುಕುವುದಿಲ್ಲ. ಆಯಸ್ಸು ಜಾಸ್ತಿ ಆಗುತ್ತದೆ ಅಂತ ಯಾರೂ ಹೇಳಿಲ್ಲ.

ಹೋಗುವ ಮುಂಚೆ

ಹಲ್ಲಿನ ಡಾಕ್ಟರ ಹತ್ತಿರ ಮೊದಲು ಹೋಗಿ. ಹುಳುಕು ಹಲ್ಲಿನ ಸೋಂಕು ರಕ್ತದಲ್ಲಿ ಹೋಗಿ ಹೊಸ ವಾಲ್ವಿಗೆ ಕೂರಬಹುದು. ನನಗೆ ಎರಡು ಹಲ್ಲು ಕೀಳಿಸಿ, ವಾಸಿಯಾದ ಮೇಲೇ ದಿನ ಕೊಟ್ಟರು. ಬೀಡಿ, ಸಿಗರೇಟು, ಹೊಗೆಸೊಪ್ಪು ಕನಿಷ್ಠ ನಾಲ್ಕು ವಾರ ಮುಂಚೆ ಬಿಡಬೇಕು. ರಕ್ತ ತೆಳು ಮಾಡುವ ಮಾತ್ರೆ ಯಾವಾಗ ನಿಲ್ಲಿಸಬೇಕು ಅಂತ ಅವರೇ ಹೇಳುತ್ತಾರೆ. ನೀವೇ ನಿಲ್ಲಿಸಬೇಡಿ.

ಉಸಿರಿನ ವ್ಯಾಯಾಮಕ್ಕೆ ಮೂರು ಚೆಂಡಿನ ಊದುವ ಡಬ್ಬಿ ಅಂತ ಸಿಗುತ್ತದೆ. ಊದುವುದಲ್ಲ, ಉಸಿರು ಎಳೆಯುವುದು. ಅದನ್ನು ಎರಡು ವಾರ ಮುಂಚೆಯೇ ತಂದು ರೂಢಿ ಮಾಡಿಕೊಳ್ಳಿ. ಆಪರೇಷನ್ ಆದ ಮೇಲೆ ನೋವಿನಲ್ಲಿ ಕಲಿಯುವುದು ಕಷ್ಟ. ಗಾಳಿ ಇಳಿಸಿದ ಶ್ವಾಸಕೋಶ ಮತ್ತೆ ತುಂಬಿಕೊಳ್ಳಲು ಇದೇ ಆಧಾರ. ನಾನು ಒಂದೊಂದು ಬ್ಲೌಸಿಗೆ ಹುಕ್ ಹಾಕಿದ ಮೇಲೆ ಹತ್ತು ಸಲ ಎಳೆಯುತ್ತಿದ್ದೆ.

ಮೈ ಕೂದಲು ನೀವೇ ಬ್ಲೇಡಿನಲ್ಲಿ ತೆಗೆಯಬೇಡಿ. ಸಣ್ಣ ಗೀರಾದರೂ ಸೋಂಕಿಗೆ ದಾರಿ. ಆಸ್ಪತ್ರೆಯಲ್ಲೇ ಕ್ಲಿಪ್ಪರಿನಲ್ಲಿ ತೆಗೆಯುತ್ತಾರೆ. ತಾಳಿ, ಬಳೆ, ಮೂಗುತಿ ಮನೆಯಲ್ಲೇ ತೆಗೆದಿಡಿ. ನನ್ನ ಮೂಗುತಿಯ ತಿರುಪು ಹಿಡಿದುಕೊಂಡಿತ್ತು. ಆಪರೇಷನ್ ದಿನ ಬೆಳಗ್ಗೆ ಇಬ್ಬರು ನರ್ಸ್ ಸೋಪಿನ ನೀರು ಹಾಕಿ ಕಾಲು ಗಂಟೆ ಒದ್ದಾಡಿದರು. ಒಳಗೆ ಎಲ್ಲರೂ ಕಾಯುತ್ತಿದ್ದರು.

ಮನೆಗೆ ಬಂದ ಮೇಲೆ

ಆರನೇ ದಿನ ಬಿಟ್ಟರು. ಆದರೆ ರಕ್ತದ ಟೆಸ್ಟಿಗೆ ಅಂತ ಬೆಂಗಳೂರಿನಲ್ಲಿ ತಂಗಿ ಮನೆಯಲ್ಲಿ ಇನ್ನೊಂದು ವಾರ ಇದ್ದೆ. ದೂರದ ಊರಿನವರು ಹೀಗೆ ಮಾಡುವುದು ವಾಸಿ.

ಜನ ಎದೆಯ ಗಾಯ ನೋಡಿಕೊಳ್ಳುತ್ತಾರೆ, ತೊಡೆಸಂದಿಯದ್ದು ಮರೆಯುತ್ತಾರೆ. ತೊಂದರೆ ಕೊಡುವುದು ಅದೇ. ಕುಕ್ಕರುಗಾಲಲ್ಲಿ ಕೂರಬಾರದು ಅಂದಿದ್ದರು. ಮನೆಯಲ್ಲಿ ಇಂಡಿಯನ್ ಟಾಯ್ಲೆಟ್ ಇದ್ದರೆ ಕಮೋಡ್ ಕುರ್ಚಿ ಮುಂಚೆಯೇ ತಂದಿಡಿ. ಸ್ನಾನ ಆದ ಮೇಲೆ ಆ ಜಾಗ ಒತ್ತಿ ಒರೆಸಿ ಒಣಗಿಸಿ. ಎರಡನೇ ವಾರ ನನಗೆ ಅಲ್ಲಿ ನಿಂಬೆಹಣ್ಣಿನಷ್ಟು ಊದಿಕೊಂಡಿತು. ಹೆದರಿ ಆಟೋದಲ್ಲಿ ಓಡಿದೆ. ದುಗ್ಧರಸ, ಅಂದರೆ ಲಿಂಫ್ ಅನ್ನುವ ನೀರು, ಸೇರಿಕೊಂಡಿದೆ ಅಂದರು. ಸಿರಿಂಜಿನಲ್ಲಿ ಎರಡು ಸಲ ತೆಗೆದ ಮೇಲೆ ಸರಿಹೋಯಿತು. ಚಕ್ಕಳಮಕ್ಕಳ ಹಾಕಿ ಕೂತಿದ್ದಕ್ಕೇ ಹೀಗಾಯಿತು ಅಂತ ಅಮ್ಮ ಇವತ್ತಿಗೂ ಹೇಳುತ್ತಾಳೆ. ಡಾಕ್ಟರ್, ಹಾಗೇನಿಲ್ಲ, ಇದು ಆಗುವುದುಂಟು ಅಂದರು.

ಜ್ವರ ಬಂದರೆ, ಗಾಯ ಕೆಂಪಾಗಿ ಕೀವು ಬಂದರೆ, ಮತ್ತೆ ಉಸಿರು ಕಟ್ಟಿದರೆ, ಮಲ ಕಪ್ಪಾದರೆ ಕಾಯಬೇಡಿ. ಮಾತು ತೊದಲಿದರೆ, ಕೈಕಾಲು ಬಲ ಹೋದರೆ ಅದೇ ಕ್ಷಣ ಹೊರಡಿ. ಲೋಹದ ವಾಲ್ವ್ ಗಡಿಯಾರದ ಥರ ಟಿಕ್ ಟಿಕ್ ಅನ್ನುತ್ತದೆ. ಮೊದಲು ನಿದ್ದೆ ಬರುವುದಿಲ್ಲ, ಆಮೇಲೆ ಕಿವಿ ಒಗ್ಗಿಕೊಳ್ಳುತ್ತದೆ. ಆ ಸದ್ದು ಇದ್ದಕ್ಕಿದ್ದಂತೆ ಮಂಕಾದರೂ ತುರ್ತೇ.

ರಕ್ತ ತೆಳು ಮಾಡುವ ಮಾತ್ರೆ, ನನ್ನದು ಅಸಿಟ್ರಾಮ್, ದಿನಾ ಒಂದೇ ಹೊತ್ತಿಗೆ. ನಾನು ತಿನ್ನುವುದು ಸಂಜೆ ಏಳಕ್ಕೆ, ಅಂಗಡಿ ಶಟರ್ ಎಳೆಯುವ ಸಮಯ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುವ ಐಎನ್‌ಆರ್ ಟೆಸ್ಟ್ ಮೊದಲು ವಾರ ವಾರ, ಈಗ ತಿಂಗಳಿಗೊಮ್ಮೆ. ನನಗೆ ಹೇಳಿರುವುದು 2.5ರಿಂದ 3.5ರ ಒಳಗೆ, ನಿಮ್ಮದು ಬೇರೆ ಇರಬಹುದು. ಸೊಪ್ಪು ತಿನ್ನಲೇಬೇಡಿ ಅನ್ನುವವರ ಮಾತು ಕೇಳಬೇಡಿ. ಮುದ್ದೆಗೆ ಸೊಪ್ಪಿನ ಬಸ್ಸಾರು ಇಲ್ಲದೆ ನಮಗೆ ಆಗುತ್ತಾ? ತಿನ್ನಿ, ಆದರೆ ವಾರ ವಾರವೂ ಹೆಚ್ಚುಕಮ್ಮಿ ಅಷ್ಟೇ ತಿನ್ನಿ. ಒಂದು ವಾರ ದಿನಾ, ಇನ್ನೊಂದು ವಾರ ಇಲ್ಲವೇ ಇಲ್ಲ ಅಂದರೆ ಐಎನ್‌ಆರ್ ಏರಿಳಿಯುತ್ತದೆ. ಮೈಕೈ ನೋವಿಗೆ ಮೆಡಿಕಲ್ ಶಾಪಿನವರು ಕೊಟ್ಟ ಮಾತ್ರೆ ನುಂಗಬೇಡಿ, ಡಾಕ್ಟರನ್ನು ಕೇಳಿ. ಸೂಜಿ ಚುಚ್ಚಿದರೆ ನನಗೆ ಈಗ ರಕ್ತ ನಿಲ್ಲಲು ಹೊತ್ತು ಹಿಡಿಯುತ್ತದೆ. ಬಿಳಿ ಬಟ್ಟೆ ಹೊಲಿಯುವಾಗ ಬೆರಳಿಗೆ ತೊಪ್ಪಿ ಹಾಕುತ್ತೇನೆ.

ರುಮಾಟಿಕ್‌ನಿಂದ ವಾಲ್ವ್ ಹಾಳಾದವರು ಪೆನಿಸಿಲಿನ್ ಇಂಜೆಕ್ಷನ್ ಬಿಡಬೇಡಿ. ಹೊಸ ವಾಲ್ವ್ ಬಂತಲ್ಲ ಅಂತ ಸುಮಾರು ಜನ ನಿಲ್ಲಿಸಿಬಿಡುತ್ತಾರೆ. ಉಳಿದ ವಾಲ್ವ್‌ಗಳು ಇನ್ನೂ ನಿಮ್ಮವೇ ತಾನೆ. ನನಗೆ ಈಗಲೂ 21 ದಿನಕ್ಕೊಂದು.

ಕೊನೆಗೆ ಹೆಂಗಸರಿಗೆ, ಯಾವ ಡಾಕ್ಟರೂ ಹೇಳದ ಒಂದು ಮಾತು. ಗಾಯ ಬರುವುದು ಎದೆಯ ಕೆಳಗಿನ ಮಡಿಕೆಯಲ್ಲಿ, ಸರಿಯಾಗಿ ಬ್ರಾ ಪಟ್ಟಿ ಕೂರುವ ಜಾಗದಲ್ಲಿ. ಪಟ್ಟಿ ಉಜ್ಜಿದರೆ ಉರಿ. ಹಾಕದಿದ್ದರೆ ಭಾರಕ್ಕೆ ಗಾಯ ಜಗ್ಗುತ್ತದೆ. ಆ ಜಾಗ ತಿಂಗಳುಗಟ್ಟಲೆ ಮರಗಟ್ಟಿರುವುದರಿಂದ ಚರ್ಮ ಸುಲಿದರೂ ಗೊತ್ತಾಗುವುದಿಲ್ಲ. ಹಳೇ ಮೆತ್ತನೆ ಕಾಟನ್ ಲುಂಗಿಯಲ್ಲಿ ಬಾಡೀಸ್ ಹೊಲಿಸಿಕೊಳ್ಳಿ. ಹುಕ್ ಮುಂದೆ ಇರಲಿ, ಹಿಂದೆ ಕೈ ತಿರುಗಿಸಲು ಆಗುವುದಿಲ್ಲ. ಕೆಳಗೆ ಎಲಾಸ್ಟಿಕ್ ಬೇಡ. ಬಾಡೀಸಿನ ಉದ್ದ, ಗಾಯಕ್ಕಿಂತ ಎರಡು ಇಂಚು ಕೆಳಗೆ ಬರಲಿ. ಬಲಗಡೆ ಸೈಡ್ ಹೊಲಿಗೆಯನ್ನು ಹಿಂದಕ್ಕೆ ಸರಿಸಲು ಹೇಳಿ, ಅಂಚು ಗಾಯದ ಮೇಲೆ ಬರಬಾರದು. ಅಳತೆ ಊತ ಇಳಿದ ಮೇಲೆ ಕೊಡಿ. ನಾನು ಅವಸರ ಮಾಡಿ ಮೊದಲನೇ ವಾರದಲ್ಲೇ ಅಳೆದು ಎರಡು ಹೊಲಿಸಿಕೊಂಡೆ. ಎರಡೂ ದೊಡ್ಡದಾಗಿ, ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.